ಎದುರುಬದುರು ಗೋಡೆ, ಒಂದರಲ್ಲೇ ರೋಗ: ಕೆರೊಟಿಡ್ ಕವಲಿನ ಒಂದು ಪ್ರಕರಣ

ಮಿದುಳಿಗೆ ರಕ್ತ ಒಯ್ಯುವ ಕತ್ತಿನ ಎಡ ಕೆರೊಟಿಡ್ ಅಪಧಮನಿಯ ಒಳಗಿಂದ ಶಸ್ತ್ರಚಿಕಿತ್ಸಕರು ಬಿಡಿಸಿ ತೆಗೆದ ಪ್ಲಾಕ್ (ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಗಡ್ಡೆ) ಸುಮಾರು ಮೂರು ಸೆಂಟಿಮೀಟರ್ ಉದ್ದವಿತ್ತು. ಕವಲಿನ ಆಕಾರದಲ್ಲೇ ಇಡಿಯಾಗಿ ಬಂದಿತ್ತು. ಅಡ್ಡಡ್ಡ ಕೊಯ್ದು ನೋಡಿದಾಗ ನಾಳದ ಹೊರಮಗ್ಗುಲಿನ ಗೋಡೆಯ ಕಡೆ ನಾಲ್ಕು ಮಿಲಿಮೀಟರ್ ದಪ್ಪ: ಹಳದಿ ಕೊಬ್ಬಿನ ತಿರುಳು, ನಡುನಡುವೆ ಕೈಗೆ ಚುಚ್ಚುವ ಸುಣ್ಣದ ಚೂರು, ಒಂದು ಕಡೆ ಹಳೆಯ ರಕ್ತಸ್ರಾವದ ಕಂದು ಕಲೆ. ಅದಕ್ಕೆ ನೇರ ಎದುರಿಗೆ, ನಾಳ ಎರಡಾಗಿ ಒಡೆಯುವ ಏಣಿನ ಕಡೆ, ಅರ್ಧ ಮಿಲಿಮೀಟರ್ ಕೂಡ ಇಲ್ಲದ ತೆಳು ಪದರ. ಅದೂ ನುಣ್ಣಗೆ. ಎರಡು ಗೋಡೆಗಳ ನಡುವೆ ಒಂದು ಸೆಂಟಿಮೀಟರ್ ಅಂತರವೂ ಇಲ್ಲ.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಈ ಬರಹದ ವಿಷಯ. ಮೊದಲೇ ಹೇಳಿಬಿಡುತ್ತೇನೆ, ಇದು ಯಾರೋ ಒಬ್ಬರ ಆಸ್ಪತ್ರೆ ಕಡತವಲ್ಲ. ಇಂಥ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಸೇರಿಸಿ ಕಟ್ಟಿದ ಪ್ರಕರಣ. ಅಳತೆಗಳು ಅಂಥವರಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳು.

ರೋಗಿಗೆ 64 ವರ್ಷ. ಹದಿನೈದು ವರ್ಷಗಳಿಂದ ಅಧಿಕ ರಕ್ತದೊತ್ತಡ, ಮಾತ್ರೆ ನುಂಗಿದ್ದು ಮನಸ್ಸು ಬಂದಾಗ. ಸಿಗರೇಟು ಬಿಟ್ಟು ನಾಲ್ಕು ವರ್ಷ. ಎಲ್‌ಡಿಎಲ್ (‘ಕೆಟ್ಟ’) ಕೊಲೆಸ್ಟ್ರಾಲ್ ಡೆಸಿಲೀಟರಿಗೆ 162 ಮಿಲಿಗ್ರಾಂ. ಒಂದು ಬೆಳಿಗ್ಗೆ ಎಡಗಣ್ಣಿನ ಮುಂದೆ ಮೇಲಿನಿಂದ ಪರದೆ ಇಳಿದಂತಾಗಿ ಕತ್ತಲಾಯಿತು, ಐದು ನಿಮಿಷದಲ್ಲಿ ತಾನೇ ಸರಿಹೋಯಿತು. ನೋವಿಲ್ಲ, ಕೈಕಾಲು ಸೋಲಲಿಲ್ಲ. ಇಂಥದ್ದನ್ನು ಬಹಳ ಮಂದಿ ‘ನಿದ್ದೆ ಕಡಿಮೆಯಾಗಿರಬೇಕು’ ಎಂದು ತಳ್ಳಿಹಾಕುತ್ತಾರೆ. ಇವರು ಹಾಗೆ ಮಾಡದೆ ಕಣ್ಣಿನ ವೈದ್ಯರ ಬಳಿ ಹೋದರು. ಅವರು ಪಾಪೆ ಹಿಗ್ಗಿಸಿ ನೋಡಿದಾಗ ರೆಟಿನಾದ ಒಂದು ಸಣ್ಣ ಅಪಧಮನಿ ಕವಲೊಡೆಯುವಲ್ಲಿ ಹೊಳೆಯುವ ಹಳದಿ ಚುಕ್ಕೆಯೊಂದು ಸಿಕ್ಕಿಕೊಂಡಿತ್ತು. ಅದು ಕೊಲೆಸ್ಟ್ರಾಲ್ ಚೂರು. ಕಣ್ಣಿನಲ್ಲಿ ಹುಟ್ಟಿದ್ದಲ್ಲ, ಕೆಳಗೆಲ್ಲೋ ಕಿತ್ತು ರಕ್ತದ ಜೊತೆ ತೇಲಿ ಬಂದದ್ದು.

ಕತ್ತಿನ ಎಡಭಾಗಕ್ಕೆ ಸ್ಟೆತಸ್ಕೋಪ್ ಇಟ್ಟರೆ ಪ್ರತಿ ಬಡಿತಕ್ಕೂ ಒಂದು ಸುಯ್ಯೆನ್ನುವ ಸದ್ದು. ಡಾಪ್ಲರ್ (ಅಲ್ಟ್ರಾಸೌಂಡ್) ಪರೀಕ್ಷೆಯಲ್ಲಿ, ಕವಲಿನಿಂದ ಮಿದುಳಿಗೆ ಹೋಗುವ ಕೊಂಬೆಯಾದ ಇಂಟರ್ನಲ್ ಕೆರೊಟಿಡ್ ಶುರುವಾಗುವ ಜಾಗದಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 310 ಸೆಂಟಿಮೀಟರ್. ಸಾಮಾನ್ಯವಾಗಿ ಇದು 125ರ ಒಳಗಿರಬೇಕು, 230 ದಾಟಿದರೆ ನಾಳ ಶೇಕಡ 70 ಅಥವಾ ಅದಕ್ಕಿಂತ ಹೆಚ್ಚು ಕಿರಿದಾಗಿದೆ ಎಂದು ಲೆಕ್ಕ. ಸಿ.ಟಿ. ಆಂಜಿಯೋದಲ್ಲಿ ಶೇಕಡ 75 ಎಂದು ಬಂತು. ಬಲಗಡೆಯ ಕೆರೊಟಿಡ್‌ನಲ್ಲಿ ಅಡಚಣೆ ಇರಲಿಲ್ಲ. ಆದರೆ ಗೋಡೆ ದಪ್ಪಗಾಗತೊಡಗಿತ್ತು, ಅಲ್ಲೂ ಹೊರಗೋಡೆಯೇ. ಕವಲಿಗಿಂತ ಕೆಳಗೆ, ಕತ್ತಿನುದ್ದಕ್ಕೂ ನೆಟ್ಟಗೆ ಬರುವ ಕಾಮನ್ ಕೆರೊಟಿಡ್ ಎರಡೂ ಕಡೆ ಬಹುಮಟ್ಟಿಗೆ ಚೊಕ್ಕಟ.

ಯೋಚಿಸಿ ನೋಡಿ. ಸಿಗರೇಟಿನ ಹೊಗೆ ಸೇರಿದ್ದು ಇಡೀ ರಕ್ತಕ್ಕೆ. ಎಲ್‌ಡಿಎಲ್ ಎಲ್ಲ ನಾಳಗಳಲ್ಲೂ ಅದೇ 162. ರಕ್ತದೊತ್ತಡ ಹೊರಗೋಡೆಗೆಷ್ಟೋ ಎದುರುಗೋಡೆಗೂ ಅಷ್ಟೇ. ಜೀನುಗಳಂತೂ ಪ್ರತಿ ಜೀವಕೋಶದಲ್ಲೂ ಒಂದೇ. ರೋಗಿಯ ಹಾಳೆಯಲ್ಲಿ ಬರೆದ ಒಂದೊಂದು ಅಪಾಯದ ಅಂಶವೂ ರೋಗ ಏಕೆ ಬಂತು ಎಂದು ಹೇಳುತ್ತದೆಯೇ ಹೊರತು ಎಲ್ಲಿ ಬಂತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಎರಡು ಗೋಡೆಗಳಿಗೆ ಬೇರೆಬೇರೆಯಾಗಿ ಸಿಕ್ಕಿದ್ದು ಒಂದೇ ಒಂದು, ರಕ್ತದ ಹರಿವು.

ಉಜ್ಜಿದ್ದಕ್ಕೆ ಸವೆದದ್ದಲ್ಲ

ಹರಿವು ಎಂದೊಡನೆ ಎಲ್ಲರಿಗೂ ಮೊದಲು ಹೊಳೆಯುವುದು ಸವೆತ. ರಕ್ತ ರಭಸದಿಂದ ಉಜ್ಜುವಲ್ಲಿ ಒಳಪದರ ಹರಿದು ಅಲ್ಲಿ ಕೊಬ್ಬು ಸೇರುತ್ತದೆ ಎಂಬ ಊಹೆಗೆ ಪ್ರಯೋಗದ ಬೆಂಬಲವೂ ಇತ್ತು. 1968ರಲ್ಲಿ ಡೊನಾಲ್ಡ್ ಫ್ರೈ ನಾಯಿಗಳ ಮಹಾಪಧಮನಿಯಲ್ಲಿ ಹರಿವನ್ನು ಬಲವಂತವಾಗಿ ಹೆಚ್ಚಿಸಿ, ಗೋಡೆಗುಂಟ ಎಳೆಯುವ ಬಲ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 380 ಡೈನ್ (ಡೈನ್ ಎಂದರೆ ಬಲದ ಒಂದು ಸಣ್ಣ ಮಾನ) ತಲುಪಿದರೆ ಒಳಪದರದ ಜೀವಕೋಶಗಳು ಹಾಳಾಗುತ್ತವೆ ಎಂದು ತೋರಿಸಿದ್ದರು. ಮರುವರ್ಷವೇ ಕಾಲಿನ್ ಕ್ಯಾರೊ ಮತ್ತು ಜೊತೆಗಾರರು ಇದಕ್ಕೆ ತದ್ವಿರುದ್ಧದ ಮಾತು ಹೇಳಿದರು: ರೋಗ ಕಾಣುವುದು ಎಳೆತ ಜಾಸ್ತಿ ಇರುವಲ್ಲಲ್ಲ, ಕಡಿಮೆ ಇರುವಲ್ಲಿ. 1983ರಲ್ಲಿ ಝಾರಿನ್ಸ್, ಗಿಡೆನ್ಸ್, ಗ್ಲಾಗೊವ್ ಮತ್ತು ಸಂಗಡಿಗರು ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕ ಕೆರೊಟಿಡ್ ಕವಲುಗಳಲ್ಲಿ ಗೋಡೆಯ ದಪ್ಪವನ್ನು ಸುತ್ತಲೂ ಅಳೆದರು, ಅದೇ ಆಕಾರದ ಮಾದರಿ ಕವಲಿನಲ್ಲಿ ಹರಿವನ್ನೂ ಅಳೆದು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ಕ್ಯಾರೊ ಹೇಳಿದ್ದೇ ಸರಿ ಇತ್ತು. ನಮ್ಮ ರೋಗಿಯ ತುಂಡು ಕೂಡ ಆ ನಕ್ಷೆಗೆ ಚಾಚೂ ತಪ್ಪದೆ ಹೊಂದುತ್ತದೆ.

ಈ ಎಳೆತಕ್ಕೆ ಶಿಯರ್ ಸ್ಟ್ರೆಸ್ ಎನ್ನುತ್ತಾರೆ. ಅದು ಎಷ್ಟು ಸಣ್ಣದು ಎಂಬುದನ್ನು ನಮ್ಮ ರೋಗಿಯ ಅಳತೆಗಳಲ್ಲೇ ನೋಡಬಹುದು. ಕಾಮನ್ ಕೆರೊಟಿಡ್‌ನ ವ್ಯಾಸ 6 ಮಿಲಿಮೀಟರ್, ಅದರಲ್ಲಿ ಸೆಕೆಂಡಿಗೆ ಸುಮಾರು 6 ಮಿಲಿಲೀಟರ್ ರಕ್ತ ಹೋಗುತ್ತದೆ ಎಂದುಕೊಳ್ಳಿ. ನೆಟ್ಟಗಿನ ಕೊಳವೆಯ ಸೂತ್ರದ ಪ್ರಕಾರ ಗೋಡೆಯ ಶಿಯರ್ ಚದರ ಸೆಂಟಿಮೀಟರಿಗೆ 10 ಡೈನ್ ಆಸುಪಾಸು. ಅದೇ ಗೋಡೆಯನ್ನು ಹೊರಕ್ಕೆ ತಳ್ಳುವ 120 ಮಿಲಿಮೀಟರ್ ಪಾದರಸದ ಒತ್ತಡವನ್ನು ಅದೇ ಮಾನದಲ್ಲಿ ಹೇಳಿದರೆ 1,60,000 ಡೈನ್. ಅಂದರೆ ಒತ್ತಡದ ಮುಂದೆ ಶಿಯರ್ ಹದಿನಾರು ಸಾವಿರದಲ್ಲಿ ಒಂದು ಪಾಲು. ಆದರೂ ಒಳಪದರದ ಜೀವಕೋಶ ಆ ಒಂದು ಪಾಲನ್ನು ಬೇರೆಯಾಗಿ ಗುರುತು ಹಿಡಿಯುತ್ತದೆ. ಒತ್ತಡ ಅದನ್ನು ಗೋಡೆಗೆ ಅದುಮುತ್ತದೆ, ಶಿಯರ್ ಮಗ್ಗುಲಿಗೆ ಎಳೆಯುತ್ತದೆ. ಆ ಎಳೆತವನ್ನು ಗ್ರಹಿಸುವ ಸಲಕರಣೆಯೇ ಬೇರೆ.

ಈಗ ಕವಲಿಗೆ ಬನ್ನಿ. ಇಂಟರ್ನಲ್ ಕೆರೊಟಿಡ್ ಹುಟ್ಟುವಲ್ಲಿ ನಾಳ ಕಿರಿದಾಗುವ ಬದಲು ಉಬ್ಬಿಕೊಳ್ಳುತ್ತದೆ. ಈ ಬಲ್ಬಿನ ವ್ಯಾಸ 8 ಮಿಲಿಮೀಟರ್ ಇರಬಹುದು. ರಕ್ತ ಮಾತ್ರ ಮೊದಲಿನಷ್ಟಿಲ್ಲ, ಮೂರನೇ ಒಂದು ಭಾಗ ಮುಖದ ಕಡೆ ಹೋಗುವ ಇನ್ನೊಂದು ಕೊಂಬೆಯಾದ ಎಕ್ಸ್‌ಟರ್ನಲ್ ಕೆರೊಟಿಡ್‌ಗೆ ಹೋಯಿತು. ಶಿಯರ್ ಇಳಿಯುವುದು ತ್ರಿಜ್ಯದ ಘನಕ್ಕೆ ತಕ್ಕಂತೆ. ಮೂರರಿಂದ ನಾಲ್ಕು ಮಿಲಿಮೀಟರಿಗೆ ಹಿಗ್ಗಿದ ಮಾತ್ರಕ್ಕೆ ಅದು ಅರ್ಧಕ್ಕಿಂತ ಕೆಳಗಿಳಿಯಿತು, ಹರಿವು ಕಡಿಮೆಯಾದದ್ದು ಸೇರಿ 3 ಡೈನ್‌ಗಿಂತಲೂ ಕೆಳಕ್ಕೆ. ಆರೋಗ್ಯವಂತ ಅಪಧಮನಿಯಲ್ಲಿ ಇದು ಹತ್ತರಿಂದ ಇಪ್ಪತ್ತರ ನಡುವೆ ಇರುತ್ತದೆ, 4ಕ್ಕಿಂತ ಇಳಿದ ಜಾಗಗಳಲ್ಲಿ ರೋಗ ಹುಟ್ಟುವುದು ಹೆಚ್ಚು.

ಇದಿನ್ನೂ ಸರಾಸರಿ. ಬಲ್ಬಿಗೆ ನೆಟ್ಟಗಿನ ಕೊಳವೆಯ ಸೂತ್ರ ಹಿಡಿಸುವುದೇ ಇಲ್ಲ. ನಡುಹರಿವಿನ ವೇಗದ ರಕ್ತ ನೇರ ಏಣಿಗೆ ಬಂದು ಬಡಿದು ಆ ಕಡೆಯ ಗೋಡೆಗುಂಟ ಸಾಗಿಬಿಡುತ್ತದೆ. ಅಲ್ಲಿ ಶಿಯರ್ ಹೆಚ್ಚು, ದಿಕ್ಕೂ ಒಂದೇ. ಹೊರಗೋಡೆಯ ಕಡೆ ಉಳಿದ ರಕ್ತ ಗೋಡೆಯಿಂದ ಕಳಚಿಕೊಂಡು ಸುಳಿಗೆ ಬೀಳುತ್ತದೆ. ಹೃದಯ ಹಿಂಡಿದಾಗ ಅಲ್ಲಿ ಒಂದು ದಿಕ್ಕು, ಸಡಿಲಿಸಿದಾಗ ಇನ್ನೊಂದು. ನಿಮಿಷಕ್ಕೆ ಎಪ್ಪತ್ತು ಬಡಿತದ ಲೆಕ್ಕದಲ್ಲಿ ಹೊರಗೋಡೆಯ ಜೀವಕೋಶವನ್ನು ದಿನಕ್ಕೆ ಒಂದು ಲಕ್ಷ ಸಲ ಹಿಂದಕ್ಕೂ ಮುಂದಕ್ಕೂ ಎಳೆದಂತಾಯಿತು, ಅದೂ ಬಹಳ ಮೆಲ್ಲಗೆ. ಎಳೆತದ ಬಲಕ್ಕಿಂತ ಈ ದಿಕ್ಕುಗೆಟ್ಟ ಸ್ಥಿತಿಯೇ ಮುಖ್ಯ ಎಂದು ನನ್ನ ಓದು ಹೇಳುತ್ತದೆ.

ಜೀವಕೋಶದ ಮಟ್ಟದಲ್ಲಿ

ಒಳಪದರವೆಂದರೆ ಎಂಡೋಥೀಲಿಯಂ, ಜೀವಕೋಶಗಳ ಒಂದೇ ಒಂದು ವರಸೆ. ಏಣಿನ ಕಡೆಯ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದುದ್ದ, ಎಲ್ಲವೂ ಹರಿವಿನ ದಿಕ್ಕಿಗೇ ಮಲಗಿರುತ್ತವೆ. ಒಳಗೆ ಆಕ್ಟಿನ್ ಎಳೆಗಳು ಅದೇ ದಿಕ್ಕಿಗೆ ಬಿಗಿದಿರುತ್ತವೆ, ಪಕ್ಕದ ಜೀವಕೋಶದೊಂದಿಗಿನ ಬೆಸುಗೆ ಗಟ್ಟಿ. ಹೊರಗೋಡೆಯವು ಗುಂಡಗೆ, ಬಹುಕೋನ, ಒಂದೊಂದು ಒಂದೊಂದು ಕಡೆ ಮುಖ. ಬೇಗ ಸಾಯುತ್ತವೆ, ಬೇಗ ವಿಭಜನೆಯಾಗುತ್ತವೆ. ಸಾಯುವ, ಒಡೆಯುವ ಜೀವಕೋಶದ ಸುತ್ತಲ ಬೆಸುಗೆ ಸಡಿಲ.

ಇದು ಹರಿವಿನದೇ ಕೆಲಸ ಎಂಬುದಕ್ಕೆ ಪ್ರಯೋಗಶಾಲೆಯ ಪುರಾವೆ ಹಳೆಯದು. 1981ರಲ್ಲಿ ಡ್ಯೂಯಿ, ಡೇವೀಸ್, ಗಿಂಬ್ರೋನ್ ಮತ್ತು ಸಂಗಡಿಗರು ತಟ್ಟೆಯಲ್ಲಿ ಬೆಳೆಸಿದ ಎಂಡೋಥೀಲಿಯಲ್ ಜೀವಕೋಶಗಳ ಮೇಲೆ ಶಂಕುವಿನಾಕಾರದ ತಿರುಗಣಿಯೊಂದನ್ನು ಸುತ್ತಿಸಿ ದ್ರವವನ್ನು ಒಂದೇ ದಿಕ್ಕಿಗೆ ಹರಿಸಿದರು. ಅಡ್ಡಾದಿಡ್ಡಿ ಇದ್ದ ಜೀವಕೋಶಗಳು ದಿನ ಎರಡು ದಿನದಲ್ಲಿ ನೀಳವಾಗಿ ಹರಿವಿನ ದಿಕ್ಕಿಗೆ ತಿರುಗಿದವು. 1986ರಲ್ಲಿ ಅದೇ ಬಳಗ ಹರಿವನ್ನು ಕದಡಿ ನೋಡಿತು. ಬರೀ 1.5 ಡೈನ್ ಇದ್ದರೂ ಸಾಕಾಯಿತು, ಜೀವಕೋಶಗಳು ಸಾಲುಗಟ್ಟಲಿಲ್ಲ, ಬದಲಿಗೆ ವಿಭಜನೆಗೆ ತೊಡಗಿದವು. ಆ ತಟ್ಟೆಯಲ್ಲಿ ಕೊಲೆಸ್ಟ್ರಾಲ್ ಹೆಚ್ಚಿಸಿರಲಿಲ್ಲ, ಹೊಗೆಯೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಎಳೆತವನ್ನು ಜೀವಕೋಶ ಗ್ರಹಿಸುವುದು ಹೇಗೆ? ಒಂದೇ ಒಂದು ಅಂಗದಿಂದಲ್ಲ. ರಕ್ತದ ಕಡೆಗಿನ ಮೈಮೇಲೆ ಸಕ್ಕರೆ ಸರಪಳಿಗಳ ನವಿರು ಹೊದಿಕೆ ಇದೆ, ಗ್ಲೈಕೊಕ್ಯಾಲಿಕ್ಸ್. ಪೊರೆಯಲ್ಲಿ ಪಿಯೆಝೊ1 ಎಂಬ ದ್ವಾರವಿದೆ, ಪೊರೆ ಬಿಗಿದರೆ ತೆರೆದು ಕ್ಯಾಲ್ಸಿಯಂ ಒಳಬಿಡುತ್ತದೆ. ಅರ್ಡೆಮ್ ಪಟಪೂಟಿಯನ್ ತಂಡ ಇದನ್ನು ಗುರುತಿಸಿದ್ದು 2010ರಲ್ಲಿ, ಪಟಪೂಟಿಯನ್ನರಿಗೆ ನೊಬೆಲ್ ಬಂದದ್ದು 2021ರಲ್ಲಿ. ಎರಡು ಜೀವಕೋಶ ಕೂಡುವ ಅಂಚಿನಲ್ಲಿ ಪೆಕ್ಯಾಮ್-1, ವಿಇ-ಕ್ಯಾಡ್ಹೆರಿನ್, ವಿಇಜಿಎಫ್ ಗ್ರಾಹಕ-2 ಎಂಬ ಮೂರು ಪ್ರೋಟೀನುಗಳ ಕೂಟವಿದೆ. ಎಳೆತದ ಸುದ್ದಿ ಒಳಗೆ ಮುಟ್ಟಲು ಮೂರೂ ಬೇಕು ಎಂದು 2005ರಲ್ಲಿ ಗೊತ್ತಾಯಿತು. ಹೆಸರುಗಳ ಈ ಪಟ್ಟಿಯನ್ನು ಇನ್ನೂ ಉದ್ದ ಎಳೆಯಬಹುದು, ನಮ್ಮ ಪ್ರಕರಣಕ್ಕೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಸಿಗುವುದು ಮುಂದಿನ ಹಂತದಲ್ಲಿ. ನಿಂತ ದ್ರವದಲ್ಲಿದ್ದ ಜೀವಕೋಶಕ್ಕೆ ದಿಢೀರನೆ ಹರಿವು ತಗುಲಿಸಿದರೆ, ಅದು ಒಳ್ಳೆಯ ಏಕಮುಖ ಹರಿವೇ ಆಗಿರಲಿ, ಮೊದಲು ಉರಿಯೂತದ ಸಂಕೇತಗಳೇ ಏಳುತ್ತವೆ. ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನು ಚುರುಕಾಗುತ್ತದೆ. ಹರಿವು ಒಂದೇ ದಿಕ್ಕಿಗೆ ಮುಂದುವರಿದರೆ ಜೀವಕೋಶ ಆ ದಿಕ್ಕಿಗೆ ಹೊಂದಿಕೊಂಡು, ಕೆಲವು ಗಂಟೆಗಳಲ್ಲಿ ಸಂಕೇತ ತಣ್ಣಗಾಗುತ್ತದೆ. ಆಮೇಲೆ ಕೆಎಲ್‌ಎಫ್2, ಕೆಎಲ್‌ಎಫ್4 ಎಂಬ ಜೀನ್ ನಿಯಂತ್ರಕಗಳು ಮೇಲೆದ್ದು, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಹೆಚ್ಚಿಸುತ್ತವೆ, ಉರಿಯೂತವನ್ನೂ ರಕ್ತ ಹೆಪ್ಪುಗಟ್ಟುವುದನ್ನೂ ಅದುಮಿಡುತ್ತವೆ. ಏಣಿನ ಕಡೆಯ ಗೋಡೆ ಅರವತ್ತು ವರ್ಷ ಇದ್ದದ್ದು ಈ ಸ್ಥಿತಿಯಲ್ಲಿ. ಹೊರಗೋಡೆಯ ಜೀವಕೋಶಕ್ಕೆ ಹೊಂದಿಕೊಳ್ಳಲು ಒಂದು ದಿಕ್ಕು ಬೇಕಲ್ಲ? ಈ ಕಡೆ ತಿರುಗಬೇಕೆನ್ನುವಷ್ಟರಲ್ಲಿ ರಕ್ತ ಆ ಕಡೆ ಎಳೆಯುತ್ತದೆ. ಹರಿವು ಆಗಷ್ಟೇ ಶುರುವಾದಾಗಿನ ಎಚ್ಚರಿಕೆ ಅಲ್ಲಿ ಮುಗಿಯುವುದೇ ಇಲ್ಲ. ಎನ್‌ಎಫ್-ಕಪ್ಪಾಬಿ ಚುರುಕಾಗಿಯೇ ಉಳಿಯುತ್ತದೆ, ಜೀವಕೋಶದ ಮೈಮೇಲೆ ವಿಕ್ಯಾಮ್-1ನಂಥ ಅಂಟು ಪ್ರೋಟೀನುಗಳು ಮೂಡುತ್ತವೆ, ರಕ್ತದಲ್ಲಿ ಸಾಗುವ ಮಾನೊಸೈಟು ಎಂಬ ಬಿಳಿ ರಕ್ತಕಣಗಳು ಬಂದು ಹಿಡಿದುಕೊಳ್ಳುತ್ತವೆ, ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ. ಅಂದಹಾಗೆ, ಒಳಪದರಕ್ಕೆ ಇಂಥ ಕಸುಬು ಇದೆ ಎಂಬುದೇ ಬಹುಕಾಲ ಗೊತ್ತಿರಲಿಲ್ಲ. ಒಳಪದರ ಉಜ್ಜಿ ಹೋದ ಅಪಧಮನಿಯ ಪಟ್ಟಿ, ನಾಳ ಸಡಿಲಿಸುವ ಅಸಿಟೈಲ್‌ಕೋಲಿನ್ ಕೊಟ್ಟರೂ ಸಡಿಲವಾಗುವುದಿಲ್ಲ ಎಂದು ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದ ಮೇಲೆಯೇ ಅದನ್ನು ಬರೀ ಹೊದಿಕೆಯೆಂದು ನೋಡುವುದು ನಿಂತದ್ದು.

ಹೊಳೆಯ ತಿರುವಿನಲ್ಲಿ ನೀರು ನಿಧಾನವಾದಲ್ಲಿ ಹೂಳು ನಿಲ್ಲುವ ಹಾಗೆ ಎಂದು ಇದನ್ನು ವಿವರಿಸುವವರಿದ್ದಾರೆ. ಕೇಳಲು ಚೆಂದ, ಆದರೆ ದಾರಿ ತಪ್ಪಿಸುತ್ತದೆ. ಎಲ್‌ಡಿಎಲ್ ಗೋಡೆಯ ಮೇಲೆ ಬಂದು ಕೂರುವುದಿಲ್ಲ. ಸಡಿಲವಾದ ಬೆಸುಗೆಗಳ ಮೂಲಕ ಒಳಪದರವನ್ನು ದಾಟಿ ಅದರ ಅಡಿಗೆ ಹೋಗುತ್ತದೆ, ಅಲ್ಲಿನ ಸಕ್ಕರೆ ಸರಪಳಿ ಹೊತ್ತ ಪ್ರೋಟೀನುಗಳಾದ ಪ್ರೋಟಿಯೋಗ್ಲೈಕಾನ್‌ಗಳಿಗೆ ಸಿಕ್ಕಿ ಉಳಿಯುತ್ತದೆ, ಆಕ್ಸಿಡೀಕರಣಗೊಳ್ಳುತ್ತದೆ. ಹಿಂದೆಯೇ ನುಸುಳಿದ ಮಾನೊಸೈಟು ಅದನ್ನು ನುಂಗಿ ಕೊಬ್ಬು ತುಂಬಿದ ನೊರೆ ಜೀವಕೋಶವಾಗುತ್ತದೆ. ಹೂಳಿಗೆ ದಡದ ಒಪ್ಪಿಗೆ ಬೇಕಿಲ್ಲ. ಇಲ್ಲಿ ಬಾಗಿಲು ತೆರೆದುಕೊಟ್ಟದ್ದು ಜೀವಂತ ಜೀವಕೋಶ.

ಹಾಗಂತ ಹರಿವೊಂದೇ ಅಪರಾಧಿಯಲ್ಲ. ಕವಲಿನ ಹೊರಗೋಡೆ ಚಿಕ್ಕಮಕ್ಕಳಲ್ಲೂ ತುಸು ದಪ್ಪ ಇರುತ್ತದೆ, ಅದು ರೋಗವಲ್ಲ. ಇಲಿಗಳಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದ್ದಾರೆ. 2009ರಲ್ಲಿ ಹಾಂಜೂಂಗ್ ಜೋ ತಂಡ ಎಡ ಕಾಮನ್ ಕೆರೊಟಿಡ್‌ನ ನಾಲ್ಕು ಕವಲುಗಳಲ್ಲಿ ಮೂರನ್ನು ಕಟ್ಟಿತು. ರಕ್ತ ಅಲ್ಲಿ ನಿಧಾನವಾಗಿ ಹಿಂದುಮುಂದಾಗತೊಡಗಿತು. ಕೊಲೆಸ್ಟ್ರಾಲ್ ಏರುವಂತೆ ಜೀನ್ ತಿದ್ದಿದ, ಕೊಬ್ಬಿನ ಆಹಾರ ತಿಂದ ಇಲಿಗಳಲ್ಲಿ ಎರಡೇ ವಾರದಲ್ಲಿ ಎಡಗಡೆ ಪ್ಲಾಕ್ ಎದ್ದಿತು, ಮುಟ್ಟದ ಬಲಗಡೆ ಏನೂ ಇಲ್ಲ. ಅದೇ ಮೈ, ಅದೇ ರಕ್ತ. ನಮ್ಮ ರೋಗಿಯಲ್ಲೂ ಎಲ್‌ಡಿಎಲ್ ಮತ್ತು ಹೊಗೆ ಸಾಮಗ್ರಿ ಒದಗಿಸಿದವು, ಜಾಗ ಗೊತ್ತುಮಾಡಿದ್ದು ಬಲ್ಬಿನ ಆಕಾರ.

ನಾಳ ಕಿರಿದಾದ ಮೇಲೆ

ಇಲ್ಲಿಂದ ಆಟದ ನಿಯಮವೇ ಬದಲಾಗುತ್ತದೆ. ಬಹಳ ವರ್ಷ ನಾಳ ಹೊರಕ್ಕೆ ಹಿಗ್ಗಿ ಪ್ಲಾಕ್‌ಗೆ ಜಾಗ ಬಿಟ್ಟುಕೊಟ್ಟಿರುತ್ತದೆ. ಪ್ಲಾಕ್ ನಾಳದ ಅಡ್ಡಕೊಯ್ತದ ಶೇಕಡ 40 ದಾಟುವವರೆಗೂ ರಕ್ತದ ದಾರಿ ಕಿರಿದಾಗುವುದಿಲ್ಲ ಎಂದು ಗ್ಲಾಗೊವ್ 1987ರಲ್ಲಿ ಹೃದಯದ ನಾಳಗಳಲ್ಲಿ ತೋರಿಸಿದ್ದರು. ಆ ಹಂತ ದಾಟಿದ ಮೇಲೆ ನಾಳ ಕಿರಿದಾದ ಜಾಗದಲ್ಲಿ ಶಿಯರ್ ಇಳಿಯುವ ಬದಲು ನೆಗೆಯುತ್ತದೆ. ಅಷ್ಟೇ ರಕ್ತ ಹರಿದರೆ, ವ್ಯಾಸ ಅರ್ಧವಾದಲ್ಲಿ ಎಂಟು ಪಟ್ಟು. ಶೇಕಡ 75 ಕಿರಿದಾದ ನಾಳದಲ್ಲಿ ಅದು ನೂರರ ಲೆಕ್ಕಕ್ಕೆ ಹೋಗುತ್ತದೆ. ಫ್ರೈ ಹೇಳಿದ ಸವೆತ ಈಗ ನಿಜವಾಗಿಯೂ ಸಾಧ್ಯ. ಅವರು ನೋಡಿದ ಬಲ ರೋಗ ಹುಟ್ಟಿಸುವ ಬಲವಲ್ಲ, ಆದರೆ ಹುಟ್ಟಿದ ರೋಗವನ್ನು ಕೆಡಿಸಬಲ್ಲ ಬಲ. ಇಷ್ಟು ಶಿಯರ್‌ನಲ್ಲಿ ರಕ್ತದ ವಾನ್ ವಿಲ್ಲೆಬ್ರಾಂಡ್ ಪ್ರೋಟೀನು ಸುರುಳಿ ಬಿಚ್ಚಿ ಪ್ಲೇಟ್‌ಲೆಟ್‌ಗಳನ್ನು ಹಿಡಿಯುತ್ತದೆ. ಪ್ಲಾಕ್‌ನ ಮೇಲುಹೊದಿಕೆ ತೆಳುವಾಗಿದ್ದರೆ ಬಿರಿಯುತ್ತದೆ, ಹೆಚ್ಚಾಗಿ ಹರಿವು ಬರುವ ಮಗ್ಗುಲಿನಲ್ಲೇ. ಈ ತುಂಡಿನಲ್ಲೂ ಬಿರುಕು ಆ ಮಗ್ಗುಲಿನಲ್ಲಿತ್ತು. ಅಲ್ಲಿಂದ ಕಳಚಿದ ಚೂರು ಇಂಟರ್ನಲ್ ಕೆರೊಟಿಡ್ ಹಿಡಿದು, ಅದರ ಕವಲಾದ ನೇತ್ರಾಪಧಮನಿ ಸೇರಿ, ಐದು ನಿಮಿಷ ಕಣ್ಣು ಕತ್ತಲಾಗಿಸಿತು. ಆ ಕಿರಿದಾದ ಜಾಗ ದಾಟಿದ ಮೇಲಿನ ಕದಡಿದ ಹರಿವೇ ಸ್ಟೆತಸ್ಕೋಪಿಗೆ ಕೇಳಿದ ಸದ್ದು.

ಚಿಕಿತ್ಸೆಯ ತೀರ್ಮಾನ ಕಷ್ಟದ್ದಾಗಿರಲಿಲ್ಲ. ಲಕ್ಷಣ ತೋರಿಸಿದ, ಶೇಕಡ 70ರಿಂದ 99ರಷ್ಟು ಕಿರಿದಾದ ಕೆರೊಟಿಡ್ ಇದ್ದವರಲ್ಲಿ ಎರಡು ವರ್ಷದೊಳಗೆ ಮಿದುಳಿನ ಅದೇ ಬದಿಯಲ್ಲಿ ಪಾರ್ಶ್ವವಾಯು ಬರಿಯ ಔಷಧಿಯಲ್ಲಿ ಶೇಕಡ 26, ಶಸ್ತ್ರಚಿಕಿತ್ಸೆಯಲ್ಲಿ ಶೇಕಡ 9 ಎಂದು ಉತ್ತರ ಅಮೆರಿಕದ ದೊಡ್ಡ ಪ್ರಯೋಗವೊಂದು 1991ರಲ್ಲೇ ಹೇಳಿತ್ತು. ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿದರೆ ಲಾಭ ಹೆಚ್ಚು. ಆಸ್ಪಿರಿನ್, ಹೆಚ್ಚಿನ ಪ್ರಮಾಣದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಒತ್ತಡದ ಮಾತ್ರೆ ಶುರುಮಾಡಿ ಒಂಬತ್ತನೇ ದಿನ ಶಸ್ತ್ರಚಿಕಿತ್ಸೆ ಆಯಿತು.

ಇದರಲ್ಲಿ ಹರಿವಿನ ಲೆಕ್ಕ ಕೈಗೆ ಸಿಗುವುದು ನಾಳ ಮುಚ್ಚುವಾಗ. ಉದ್ದಕ್ಕೆ ಸೀಳಿದ ನಾಳವನ್ನು ನೇರ ಹೊಲಿದರೆ ಕಿರಿದಾಗುತ್ತದೆ, ಮತ್ತೆ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ಸೀಳಿಗೆ ಒಂದು ಪಟ್ಟಿ ಕೂಡಿಸಿ ಹೊಲಿಯುತ್ತಾರೆ. ಪಟ್ಟಿ ಎಷ್ಟು ಅಗಲ? 5 ಮಿಲಿಮೀಟರ್ ವ್ಯಾಸದ ನಾಳಕ್ಕೆ 6 ಮಿಲಿಮೀಟರ್ ಪಟ್ಟಿ ಸೇರಿಸಿದರೆ ಸುತ್ತಳತೆ ಅಷ್ಟೇ ಹೆಚ್ಚುತ್ತದೆ, ವ್ಯಾಸ ಹೆಚ್ಚುಕಮ್ಮಿ 7 ಆಗುತ್ತದೆ. ಹೊಲಿಗೆಗೆ ಹೋಗುವ ಅಂಚನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಶಿಯರ್ ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯಿತು. ಉದಾರವಾಗಿ ಪಟ್ಟಿ ಹಾಕಿದರೆ, ಯಾವ ಬಲ್ಬಿನಿಂದ ತೊಂದರೆ ಶುರುವಾಯಿತೋ ಅದನ್ನೇ ಮತ್ತೆ ಕಟ್ಟಿಕೊಟ್ಟಂತೆ. ಇವರಿಗೆ ಪಟ್ಟಿಯನ್ನು ಎರಡೂ ಅಂಚಿನಲ್ಲಿ ಕತ್ತರಿಸಿ, ಮೇಲ್ತುದಿಯನ್ನು ಚೂಪು ಮಾಡಿ, ಇಂಟರ್ನಲ್ ಕೆರೊಟಿಡ್ ಕಡೆಗೆ ನಿಧಾನವಾಗಿ ಕಿರಿದಾಗುವಂತೆ ಹೊಲಿದರು.

ಪ್ಲಾಕ್ ಸುಲಿದ ಜಾಗದಲ್ಲಿ ಎಂಡೋಥೀಲಿಯಂ ಇರುವುದಿಲ್ಲ. ಅಂಚುಗಳಿಂದ ಜೀವಕೋಶಗಳು ಹಬ್ಬಿ ಮುಚ್ಚುವ ತನಕ ಅಡಿಯ ಸ್ನಾಯು ಜೀವಕೋಶಗಳಿಗೆ ಕಡಿವಾಣವಿಲ್ಲ, ಅವು ಬೆಳೆದು ಒಳಗೆ ನುಗ್ಗಬಹುದು. ಮೊದಲ ಎರಡು ವರ್ಷದಲ್ಲಿ ನಾಳ ಮತ್ತೆ ಕಿರಿದಾದರೆ ಕಾರಣ ಬಹುಪಾಲು ಇದೇ, ಕೊಬ್ಬಲ್ಲ. ಆಮೇಲಿನದು ಹಳೆಯ ರೋಗದ ಮರುಕಳಿಕೆ.

ಇಷ್ಟೆಲ್ಲ ಗೊತ್ತಿದ್ದೂ ಬಲಗಡೆಯ ನಾಳಕ್ಕೆ ಶಿಯರ್ ಅಳೆದು ಯಾರೂ ತೀರ್ಮಾನ ಮಾಡಲಿಲ್ಲ, ಮಾಡದಿದ್ದದ್ದು ಸರಿ ಎಂದೇ ನನ್ನ ಅಭಿಪ್ರಾಯ. ತ್ರಿಜ್ಯದ ಅಳತೆಯಲ್ಲಿ ಶೇಕಡ 10 ತಪ್ಪಾದರೆ ಶಿಯರ್ ಲೆಕ್ಕದಲ್ಲಿ ಮೂರನೇ ಒಂದರಷ್ಟು ತಪ್ಪುತ್ತದೆ. ಎಂಆರ್‌ಐ ಮಾಡಿ ಕಂಪ್ಯೂಟರಿನಲ್ಲಿ ಹರಿವನ್ನು ಕಟ್ಟಿ ನೋಡುವುದು ಸಂಶೋಧನೆಗೆ ಸರಿ, ಒಬ್ಬ ರೋಗಿಯ ಭವಿಷ್ಯ ಹೇಳುವಷ್ಟು ಗಟ್ಟಿಯಲ್ಲ. ಬಲ್ಬಿನ ಆಕಾರವನ್ನಂತೂ ಬದಲಿಸಲಾಗದು. ಬದಲಿಸಬಹುದಾದದ್ದು ಆ ಸಡಿಲ ಗೋಡೆಯ ಮುಂದೆ ಹಾದುಹೋಗುವ ಎಲ್‌ಡಿಎಲ್ ಪ್ರಮಾಣ. ಸ್ಟ್ಯಾಟಿನ್ ಮತ್ತು ಎಝೆಟಿಮೈಬ್ ಸೇರಿ ಅದು 58ಕ್ಕೆ ಇಳಿಯಿತು. ಸ್ಟ್ಯಾಟಿನ್‌ಗಳು ತಟ್ಟೆಯಲ್ಲಿ ಬೆಳೆಸಿದ ಎಂಡೋಥೀಲಿಯಲ್ ಜೀವಕೋಶಗಳಲ್ಲಿ ಕೆಎಲ್‌ಎಫ್2 ಹೆಚ್ಚಿಸುತ್ತವೆ ಎಂಬುದು ನಿಜ, ಆದರೆ ಮಾತ್ರೆ ಬರೆಯಲು ಆ ಕಾರಣ ಬೇಕಾಗಿಲ್ಲ.

ನಾನು ಒತ್ತಾಯಿಸುವ ಒಂದು ಸಣ್ಣ ಬದಲಾವಣೆ ಇದೆ. ಡಾಪ್ಲರ್ ವರದಿಯಲ್ಲಿ ಗೋಡೆ ದಪ್ಪವಾಗಿದೆ ಎಂದಷ್ಟೇ ಬರೆಯದೆ, ಯಾವ ಗೋಡೆ, ಕವಲಿನಿಂದ ಎಷ್ಟು ಮೇಲೆ ಎಂದು ಬರೆಯಬೇಕು. ಮುಂದಿನ ಬಾರಿ ಬೇರೊಬ್ಬರು ಅದೇ ಜಾಗಕ್ಕೆ ಪ್ರೋಬ್ ಇಟ್ಟು ಹೋಲಿಸಬಹುದು. ಇವರ ಒಂದು ವರ್ಷದ ವರದಿಯಲ್ಲಿ ಹಾಗೇ ಇದೆ: ಎಡ ಇಂಟರ್ನಲ್ ಕೆರೊಟಿಡ್ ಗರಿಷ್ಠ ವೇಗ ಸೆಕೆಂಡಿಗೆ 92 ಸೆಂಟಿಮೀಟರ್, ಪಟ್ಟಿಯ ಜಾಗ ತೆರೆದಿದೆ, ಬಲ ಬಲ್ಬಿನ ಹೊರಗೋಡೆ, ಕವಲಿನಿಂದ 8 ಮಿಲಿಮೀಟರ್ ಮೇಲೆ, ದಪ್ಪ 1.9 ಮಿಲಿಮೀಟರ್, ಕಳೆದ ಬಾರಿಯಷ್ಟೇ.